ಕಾಲರ್ ನೋಡಿದರೆ ಸಾಕು: ಬದಿಯಡ್ಕದ ಒಂದು ಟೈಲರ್ ಅಂಗಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಮಹಡಿಯ ಮೇಲಿರುವ ಈ ಹೊಲಿಗೆ ಅಂಗಡಿಗೆ ಬೋರ್ಡ್ ಇಲ್ಲ. ಮೆಟ್ಟಿಲ ಬುಡದಲ್ಲಿ ಕೇಳಿದರೆ "ಗಾರ್ಮೆಂಟ್ಸ್ ಅಕ್ಕನ ಅಂಗಡಿಯಾ?" ಎಂದು ಮೇಲೆ ಕೈ ತೋರಿಸುತ್ತಾರೆ.

ನಮ್ಮ ಮನೆಯವರ ಬಿಳಿ ಶರ್ಟ್ ಇಲ್ಲಿ ಹೊಲಿಸಿದೆ. ಕಾಲರಿನ ಎರಡು ತುದಿ ಜೋಡಿಸಿ ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಂಚಿನ ಹೊಲಿಗೆ ಮೂಲೆಯಲ್ಲಿ ತಿರುಗುವಾಗಲೂ ನೇರ. ಎಷ್ಟು ಒಗೆದರೂ ಒಳಗಿನ ಕ್ಯಾನ್ವಾಸ್ ಗುಳ್ಳೆ ಎದ್ದಿಲ್ಲ. ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಕಾಲರ್ ಒಂದನ್ನೇ ಹೊಲಿದವರು. ಅಲ್ಲಿ ಲೈನಿನಲ್ಲಿ ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಇನ್ನೊಬ್ಬರಿಗೆ ಜೇಬು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಅದೇ ಹೊತ್ತಿಗೆ ಯುರೋಪ್, ಅಮೆರಿಕದ ಹಲವು ದೊಡ್ಡ ಬ್ರ್ಯಾಂಡ್‌ಗಳು ಹೊಲಿದಿಟ್ಟ ಮಾಲಿನ ಆರ್ಡರನ್ನೂ ರದ್ದು ಮಾಡಿದವು. ಬಟ್ಟೆ, ನೂಲು, ಕೂಲಿ ಎಲ್ಲದಕ್ಕೂ ಮೊದಲು ಕೈಯಿಂದ ಹಾಕುವುದು ಫ್ಯಾಕ್ಟರಿ. ಬ್ರ್ಯಾಂಡಿನ ದುಡ್ಡು ಬರುವುದು ಸಾಮಾನ್ಯವಾಗಿ ಮಾಲು ಹಡಗು ಹತ್ತಿದ ಮೇಲೆ. ಏಟು ಬಿದ್ದದ್ದು ಮಿಷನ್ ಮುಂದೆ ಕೂತವರಿಗೆ. ಆ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದೇ ಫ್ಯಾಕ್ಟರಿಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಲೇ-ಆಫ್ ಆಯಿತು. ಹೆಚ್ಚಿನವರು ಹೆಂಗಸರೇ, ವಾರಗಟ್ಟಲೆ ಧರಣಿ ಕೂತರು. ಈ ಅಕ್ಕನಿಗಂತೂ "ಮತ್ತೆ ಕರೆಯುತ್ತೇವೆ" ಅಂತ ಒಂದು ಫೋನ್ ಬಂತಷ್ಟೆ. ಕರೆಯಲೇ ಇಲ್ಲ. ಇಂಥ ಕೈಯನ್ನು ಒಂದು ಫೋನಿನಲ್ಲಿ ಬೇಡ ಅಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಕ್ಕ ಪಾಸ್ ಹಿಡಿದು ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿ ಊರಿಗೆ ಬಂದರು. ಕ್ವಾರಂಟೈನ್ ಮುಗಿಸಿ ತಾಯಿಯ ಹಳೇ ಕಾಲುಮಿಷನ್‌ನಲ್ಲಿ ಮಾಸ್ಕ್ ಹೊಲಿಯಲು ಕೂತರಂತೆ. "ಕೈ ಮರೆತು ಹೋಗಬಾರದಲ್ಲ ಟೀಚರೇ" ಅಂದರು.

ರವಿಕೆ ಕಲಿತದ್ದು ಊರಿಗೆ ಬಂದ ಮೇಲೆಯೇ, ಅದು ಗೊತ್ತಾಗುತ್ತದೆ. ನನ್ನದು ಕಂಕುಳಲ್ಲಿ ಬಿಗಿಯಾಯಿತು. ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದರಿಂದ ಅಲ್ಲೇ ಬಿಚ್ಚಿ ಸರಿ ಮಾಡಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಮದುವೆಗೆ ಡಿಸೈನ್ ರವಿಕೆ ಬೇಕಾದವರು ಕಾಸರಗೋಡಿಗೇ ಹೋಗುವುದು ಒಳ್ಳೆಯದು. ಶರ್ಟ್, ಮಕ್ಕಳ ಯೂನಿಫಾರ್ಮ್ ಆದರೆ ಕಣ್ಣುಮುಚ್ಚಿ ಇಲ್ಲಿ ಕೊಡಿ.

ಶರ್ಟಿಗೆ 350 ರೂಪಾಯಿ. ಈ ಕೆಲಸಕ್ಕೆ ಅದು ಕಡಿಮೆಯೇ, ದಯವಿಟ್ಟು ಚೌಕಾಸಿ ಮಾಡಬೇಡಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಕಾರಣ ಯೂನಿಫಾರ್ಮ್ ಬಟ್ಟೆಯನ್ನು ಮೇ ಮೊದಲ ವಾರವೇ ಕೊಟ್ಟುಬಿಡಿ. ಆಮೇಲೆ ಕೊಟ್ಟರೆ ತಡವಾಗುತ್ತದೆ. ಮಂಗಳವಾರ ರಜೆ.