ಮ್ಯೂನಿಕ್‌ನಲ್ಲಿ ಅಗ್ಗದ ರೂಮು ಸಿಕ್ತು ಅಂತ ದುಡ್ಡು ಕಳಿಸೋ ಮುಂಚೆ ಇದನ್ನು ಓದಿ

ಅಕ್ಟೋಬರ್‌ನಲ್ಲಿ ಶುರುವಾಗುವ ವಿಂಟರ್ ಸೆಮಿಸ್ಟರ್‌ಗೆ ಎಕ್ಸ್‌ಚೇಂಜ್ ಮೇಲೆ ಜರ್ಮನಿಗೆ ಹೊರಟವರು ರೂಮು ಹುಡುಕುವ ತಲೆಬಿಸಿಯಲ್ಲಿರುತ್ತೀರಿ. ನನ್ನ ತಂಗಿಗೆ ಮ್ಯೂನಿಕ್‌ನಲ್ಲಿ ರೂಮು ಕೊಡ್ತೀನಿ ಅಂತ ಒಬ್ಬ 1,290 ಯೂರೊ ನುಂಗಿ ಹಾಕಿದ. ನಮ್ಮ ದುಡ್ಡಲ್ಲಿ ಲಕ್ಷದ ಮೇಲೆ.

ಅವಳಿಗೆ ಹಾಸ್ಟೆಲ್ ಸಿಗಬೇಕಿತ್ತು. ಅಲ್ಲಿನ ಯೂನಿವರ್ಸಿಟಿಯವರು ಹಾಸ್ಟೆಲ್ ಅರ್ಜಿಯ ಮೇಲ್ ಕಳಿಸಿದ್ದರು. ಅದು ಇಲ್ಲಿನ ಕಾಲೇಜಿನ ಕೋಆರ್ಡಿನೇಟರ್ ಇನ್‌ಬಾಕ್ಸಿನಲ್ಲಿ ಕೂತಿತ್ತು. ಇವಳ ಕೈಗೆ ಬರುವಷ್ಟರಲ್ಲಿ ಕೊನೇ ದಿನ ಮುಗಿದಿತ್ತು. ಕೇಳಿದರೆ, "ಮಧ್ಯೆ ರಜೆ ಬಂತಲ್ಲಮ್ಮ" ಅಂದರಂತೆ. ಹಾಗಾಗಿ ಹೊರಗಡೆ ರೂಮು ಹುಡುಕುವ ಪಾಡು.

ಶ್ವಾಬಿಂಗ್ ಅನ್ನೋ ಏರಿಯಾದಲ್ಲಿ, ಯೂನಿವರ್ಸಿಟಿಗೆ ಹತ್ತಿರ, ಎಲ್ಲ ಸೇರಿ ತಿಂಗಳಿಗೆ 430 ಯೂರೊ ಅಂತ ಜಾಹೀರಾತು. ಜರ್ಮನಿಯಲ್ಲೇ ಬಾಡಿಗೆ ಜಾಸ್ತಿ ಇರುವ ಊರು ಮ್ಯೂನಿಕ್. ಅದರಲ್ಲೂ ಶ್ವಾಬಿಂಗ್‌ನಲ್ಲಿ ಆ ರೇಟು ನಂಬುವಂಥದ್ದಲ್ಲ. ಆದರೆ ಇಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು? ವೀಸಾಕ್ಕೆ ಬ್ಲಾಕ್ಡ್ ಅಕೌಂಟಿಗೆ (ಅಲ್ಲಿನ ಖರ್ಚಿಗೆ ಮೊದಲೇ ಇಟ್ಟು, ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ) ದುಡ್ಡು ಹಾಕಿಸಿಕೊಳ್ಳುವುದೇ ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ. ಅದರಲ್ಲಿ 430 ಬಾಡಿಗೆ ಅಂದ್ರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ಅವನೂ ಅದನ್ನೇ ನೋಡಿಕೊಂಡು ರೇಟು ಹಾಕಿರಬೇಕು.

ಓನರ್ ತಾನು ಎಂಜಿನಿಯರ್, ಕೆಲಸದ ಮೇಲೆ ಲಂಡನ್‌ಗೆ ಬಂದಿದ್ದೀನಿ ಅಂದ. ಮನೆ ತೋರಿಸೋಕೆ ಆಗಲ್ಲ, ಎರಡು ತಿಂಗಳ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ ಹಾಕಿದರೆ ಕೀ ಕೊರಿಯರ್ ಮಾಡ್ತೀನಿ. ಬಲು ಮರ್ಯಾದಸ್ಥನ ಹಾಗೆ ಬರೆಯುತ್ತಿದ್ದ. ತನ್ನ ಪಾಸ್‌ಪೋರ್ಟ್ ಪ್ರತಿ ತಾನೇ ಕಳಿಸಿದ. ಜರ್ಮನ್, ಇಂಗ್ಲಿಷ್ ಎರಡರಲ್ಲೂ ಕರಾರು ಪತ್ರ, ಪ್ರತಿ ಪುಟಕ್ಕೂ ಸಹಿ. ವೀಸಾ ಓಡಾಟದಲ್ಲಿ ದಿನಾ ಕಾಗದದ ಮೇಲೆ ಕಾಗದ ಕೊಡುತ್ತಿದ್ದವಳಿಗೆ ಇದೂ ಇನ್ನೊಂದು ಕಾಗದ ಅನ್ನಿಸಿತು, ಅಷ್ಟೇ. ವಿಡಿಯೋ ಕಾಲ್ ಮಾಡಿ ಅಂದರೆ ಮಾತ್ರ ಮೀಟಿಂಗ್, ನೆಟ್‌ವರ್ಕ್, ಒಂದಲ್ಲ ಒಂದು ನೆಪ. "ಇನ್ನಿಬ್ಬರು ಕೇಳುತ್ತಿದ್ದಾರೆ, ನಾಳೆಯೊಳಗೆ ಹೇಳಿ" ಅಂತ ಒತ್ತಡ ಬೇರೆ.

ಅಕೌಂಟ್ ನಂಬರ್ 'ಇಎಸ್' ಅಂತ ಶುರುವಾಗಿತ್ತು. ಐಬಾನ್‌ನ, ಅಂದ್ರೆ ಅಲ್ಲಿನ ಅಕೌಂಟ್ ನಂಬರಿನ, ಮೊದಲ ಎರಡು ಅಕ್ಷರ ದೇಶದ್ದು. ಜರ್ಮನಿಯದಾದರೆ 'ಡಿಇ' ಇರುತ್ತದೆ, ಇಎಸ್ ಅಂದ್ರೆ ಸ್ಪೇನ್. ಮನೆ ಮ್ಯೂನಿಕ್‌ನಲ್ಲಿ, ಮನುಷ್ಯ ಲಂಡನ್‌ನಲ್ಲಿ, ದುಡ್ಡು ಹೋಗುವುದು ಸ್ಪೇನ್‌ಗೆ! ಇಲ್ಲಿನ ಬ್ಯಾಂಕಿನವರು ವಿದೇಶಕ್ಕೆ ದುಡ್ಡು ಕಳಿಸುವ ಎ2 ಫಾರಂ ತುಂಬಿಸಿಕೊಂಡು ಕಳಿಸಿಬಿಟ್ಟರು. ಅದನ್ನೆಲ್ಲ ನೋಡುವುದು ಅವರ ಕೆಲಸ ಅಲ್ಲ ಅನ್ನಿ. ಹಾಗಂತ 'ಡಿಇ' ಇದ್ದ ಮಾತ್ರಕ್ಕೆ ನಂಬಲೂಬೇಡಿ.

ಕೀ ಬರಲಿಲ್ಲ. ಮೇಲ್‌ಗೆ ಉತ್ತರ ನಿಂತುಹೋಯಿತು. ಅಲ್ಲೇ ಮಾಸ್ಟರ್ಸ್ ಮಾಡುತ್ತಿರುವ ಹಾಸನದ ಹುಡುಗನೊಬ್ಬ, ಪಾಪ, ನಮಗೋಸ್ಕರ ಆ ವಿಳಾಸಕ್ಕೆ ಹೋಗಿ ನೋಡಿದ. ಅಲ್ಲಿ ಕರೆಗಂಟೆ ಪಕ್ಕ ಮನೆ ನಂಬರ್ ಇರುವುದಿಲ್ಲ, ವಾಸ ಇರುವವರ ಹೆಸರಿರುತ್ತದೆ. ಬಿಲ್ಡಿಂಗ್ ನಿಜವಾಗಿಯೂ ಇತ್ತು. ಬೋರ್ಡಿನಲ್ಲಿ ಆ ಹೆಸರು ಮಾತ್ರ ಇರಲಿಲ್ಲ. ಒಳಗಿಂದ ಬಂದ ಅಜ್ಜಿಯೊಬ್ಬರು, "ನೀನೂ ರೂಮಿಗೇ ಬಂದೆಯಾ?" ಅಂತ ಕೇಳಿದರಂತೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು, ಬ್ಯಾಂಕಿನಿಂದ ರೀಕಾಲ್ (ಕಳಿಸಿದ ದುಡ್ಡು ವಾಪಸ್ ಕೇಳುವ ಕೋರಿಕೆ) ಹಾಕಿಸಿದೆವು. ಆ ಕಡೆ ಅಕೌಂಟ್ ಆಗಲೇ ಖಾಲಿ. ಯಾರಿಗಾದರೂ ಹೀಗಾದರೆ ಮೇಲ್‌ಗೆ ಉತ್ತರ ಬರುತ್ತೇನೋ ಅಂತ ಕಾಯಬೇಡಿ, ಅದೇ ಗಳಿಗೆಯಲ್ಲಿ ಬ್ಯಾಂಕಿಗೆ ಓಡಿ.

ದುಡ್ಡು ಹೋದದ್ದು ಒಂದು ಕಡೆ. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಆನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕೇ ಬೇಕು. ಅದಾಗದೆ ಮುಂದಿನ ಎಷ್ಟೋ ಕೆಲಸ ನಿಲ್ಲುತ್ತವೆ. ಹಾಗಾಗಿ ಅಸಲಿ ಓನರ್ ಸಿಕ್ಕರೂ ಮೊದಲೇ ಕೇಳಿ: ಆ ಪತ್ರ ಕೊಡ್ತೀರಾ? ಇಲ್ಲ ಅಂದರೆ ಆ ರೂಮು ಬೇಡ. ಇನ್ನು ಅಡ್ವಾನ್ಸ್. ಅಲ್ಲಿನ ಕಾನೂನಿನಲ್ಲಿ ಅದು ಮೂರು ತಿಂಗಳ ಬರೀ ಬಾಡಿಗೆಗಿಂತ (ಹೀಟಿಂಗ್, ನೀರು ಇತ್ಯಾದಿ ಖರ್ಚು ಬಿಟ್ಟು) ಜಾಸ್ತಿ ಇರುವಂತಿಲ್ಲ, ಮೂರು ಕಂತಿನಲ್ಲಿ ಕಟ್ಟಬಹುದು. ಮೊದಲ ಕಂತು ಕೊಡಬೇಕಾದದ್ದೇ ಬಾಡಿಗೆ ಶುರುವಾದಾಗ. ಕೀ ಕೈಗೆ ಬರುವ ಮುಂಚೆ ಪೂರ್ತಿ ಕೇಳಿದರೆ ಅಲ್ಲಿಗೇ ಬಿಡಿ.

ಒಂದು ಸೆಮಿಸ್ಟರ್‌ಗೆ ಹೋಗುವವರು ಹುಡುಕಬೇಕಾದದ್ದು ತ್ಸ್ವಿಷೆನ್‌ಮೀಟೆ, ಅಂದ್ರೆ ಮಧ್ಯದ ಕೆಲವು ತಿಂಗಳಿಗಷ್ಟೇ ಬಾಡಿಗೆ. ಅಲ್ಲಿನ ವಿದ್ಯಾರ್ಥಿಗಳೂ ಬೇರೆ ದೇಶಕ್ಕೆ ಎಕ್ಸ್‌ಚೇಂಜ್ ಹೋಗ್ತಾರಲ್ಲ, ಅಷ್ಟು ತಿಂಗಳಿಗೆ ತಮ್ಮ ರೂಮು ಬಿಟ್ಟುಕೊಡುತ್ತಾರೆ. ತಂಗಿಗೆ ಕೊನೆಗೆ ಸಿಕ್ಕಿದ್ದೂ ಅಂಥದ್ದೇ. ಆ ಹುಡುಗಿ ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ, ಬಾತ್‌ರೂಮು, ಕೊನೆಗೆ ಕಿಟಕಿ ತೆಗೆದು ರಸ್ತೆಯನ್ನೂ ತೋರಿಸಿದಳು.

ಇನ್ನೊಂದು ವಿಷಯ. ಕರಾರಿಗೆ ಬೇಕು ಅಂತ ಆ ಕಳ್ಳ ತಂಗಿಯ ಪಾಸ್‌ಪೋರ್ಟ್, ಅಡ್ಮಿಷನ್ ಲೆಟರ್ ಪ್ರತಿ ಎರಡನ್ನೂ ತರಿಸಿಕೊಂಡಿದ್ದಾನೆ. ಅವನು ನಮಗೆ ಕಳಿಸಿದ ಪಾಸ್‌ಪೋರ್ಟ್ ಕೂಡ ಹೀಗೇ ಇನ್ಯಾರಿಂದಲೋ ಹೊಡೆದದ್ದಿರಬೇಕು. ನಿಮಗೆ ಮೈಸೂರಿನ ಹುಡುಗಿಯೊಬ್ಬಳ ಪಾಸ್‌ಪೋರ್ಟ್ ಕಳಿಸಿ, ಮ್ಯೂನಿಕ್‌ನಲ್ಲಿ ನನ್ನ ರೂಮು ಖಾಲಿ ಇದೆ ಅಂತ ಯಾರಾದರೂ ಬರೆದರೆ, ಬರೆಯುತ್ತಿರುವುದು ಅವಳಲ್ಲ.