ಹೋಂ ನರ್ಸಿಂಗ್ ಏಜೆನ್ಸಿಯಲ್ಲಿ ಕೋಆರ್ಡಿನೇಟರ್ ಕೆಲಸ ಹೇಗಿದೆ?

ಬೆಂಗಳೂರಿನ ಹೋಂ ನರ್ಸಿಂಗ್ ಏಜೆನ್ಸಿಗಳಲ್ಲಿ ರೋಗಿಗಳ ಮನೆಗೆ ಆರೈಕೆಯವರನ್ನು ಹೊಂದಿಸಿ ಕಳಿಸುವ ಈ ಕೆಲಸದ ನಿಜವಾದ ಬಿಸಿ ಬೆಳಗ್ಗೆ 6ರಿಂದ 8ರವರೆಗೆ. ಎಂಟಕ್ಕೆ ಪಾಳಿ ಬದಲಾಗಬೇಕು. ಏಳಕ್ಕೆ ಒಬ್ಬರು ‘ಮೇಡಂ, ಇವತ್ತು ಬರಕ್ಕಾಗಲ್ಲ’ ಅಂದರೆ, 12 ಗಂಟೆ ದುಡಿದ ರಾತ್ರಿ ಪಾಳಿಯವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ, ಪಾಪ. ಏರಿಯಾಕ್ಕೆ ಇಬ್ಬರನ್ನಾದರೂ ಬದಲಿಗೆ ಇಟ್ಟುಕೊಂಡಿರುವ ಏಜೆನ್ಸಿಗೇ ಸೇರಿ.

ದೊಡ್ಡ ತಪ್ಪಾಗುವುದು ರೋಗಿಯ ಮನೆಯವರ ಮೊದಲ ಫೋನಿನಲ್ಲೇ. ‘ಅಜ್ಜಿಯನ್ನು ನೋಡಿಕೊಳ್ಳಲು ಜನ ಬೇಕು’ ಎಂದಷ್ಟೇ ಬರೆದುಕೊಂಡು ಅಟೆಂಡರ್ (ನರ್ಸ್ ಅಲ್ಲದ ಆರೈಕೆ ಸಹಾಯಕರು) ಕಳಿಸಿದರೆ, ಅಲ್ಲಿ ಗಂಟಲಿನ ಕೊಳವೆಗೆ ಸಕ್ಷನ್ (ಯಂತ್ರದಿಂದ ಕಫ ಹೀರಿ ತೆಗೆಯುವುದು) ಮಾಡಬೇಕಿರುತ್ತದೆ. ಅದು ನರ್ಸ್ ಕೆಲಸ. ಮೂಗಿನ ಟ್ಯೂಬ್, ಕ್ಯಾಥೆಟರ್ (ಮೂತ್ರದ ಕೊಳವೆ), ಬೆಡ್‌ಸೋರ್ (ಮಲಗಿದ್ದೇ ಆಗುವ ಹುಣ್ಣು), ರೋಗಿಯ ತೂಕ, ಇಷ್ಟನ್ನು ಕೇಳಲೇಬೇಕು. 80 ಕಿಲೋ ತೂಕದವರನ್ನು ಒಬ್ಬರೇ ಎತ್ತಿ ಕೂರಿಸಲಾಗದು.

ಭಾನುವಾರದ ಫೋನ್ ಡ್ಯೂಟಿಗೆ ಓವರ್‌ಟೈಮ್ ಹಣ ಎಷ್ಟೆಂದು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.