ಟ್ರೇಡೋ, ಡ್ರಾಫ್ಟೋ? ರ‍್ಯಾಮ್ಸ್ ದಾರಿ, ಲಯನ್ಸ್ ದಾರಿ

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ತಂಡ ಮತ್ತೆ ಕಟ್ಟುವವರಿಗೆ 2021ರ ಒಂದು ಟ್ರೇಡೇ (ತಂಡಗಳ ನಡುವಿನ ವಿನಿಮಯ) ದೊಡ್ಡ ಪಾಠ. ರ‍್ಯಾಮ್ಸ್ 2022, 2023ರ ಮೊದಲ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸುವ ಸರದಿ; ಹೆಚ್ಚು ಸೋತವರಿಗೆ ಮುಂಚಿನ ಸರದಿ), ಒಂದು ಮೂರನೇ ಸುತ್ತಿನ ಪಿಕ್, ಜೊತೆಗೆ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಗಾಫ್‌ನನ್ನು ಲಯನ್ಸ್‌ಗೆ ಕೊಟ್ಟು ಅವರ ಕ್ವಾರ್ಟರ್‌ಬ್ಯಾಕ್ ಸ್ಟ್ಯಾಫರ್ಡ್‌ನನ್ನು ತಂದಿತು. ಅದೇ ಸೀಸನ್‌ನಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಮರುವರ್ಷ 5 ಗೆಲುವು, 12 ಸೋಲು. ಆ ಸೋಲಿನಿಂದ ಸಿಕ್ಕ 6ನೇ ಪಿಕ್ ಲಯನ್ಸ್ ಪಾಲಾಯಿತು!

ಲಯನ್ಸ್ ಅದಕ್ಕೆ 81ನೆಯದನ್ನೂ ಸೇರಿಸಿ ಅರಿಜೋನಾ ತಂಡಕ್ಕೆ ಕೊಟ್ಟು 12, 34 ಮತ್ತು 168ನೇ ಪಿಕ್ ಪಡೆಯಿತು. ಬಂದವರಲ್ಲಿ ಗಿಬ್ಸ್, ಲಪೋರ್ಟಾ ಇಬ್ಬರೂ ರತ್ನಗಳು. ಡ್ರಾಫ್ಟ್ ಹುಡುಗರ ಒಪ್ಪಂದ 4 ವರ್ಷ, ಸಂಬಳವೂ ಕಡಿಮೆ. ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಒಟ್ಟು ಸಂಬಳದ ಮಿತಿ) ಜಾಗ ಉಳಿಯುತ್ತದೆ.

ಡಿಫೆನ್ಸ್ ಗಟ್ಟಿಯಿದ್ದು ಕ್ವಾರ್ಟರ್‌ಬ್ಯಾಕ್ ಒಬ್ಬನೇ ಕೊರತೆಯಾದರೆ ಟ್ರೇಡ್ ಮಾಡಿ. ಮುಂಚೂಣಿಯ ಲೈನೇ ಸೋರುತ್ತಿದ್ದರೆ ಪಿಕ್ ಬಿಡಬೇಡಿ.